ಬೀಗದ ತಾತನ ಬಾಯಿಪಾಠ

"ಅಮ್ಮಾ, ಬೀಗದ ತಾತನಿಗೆ ಕಾಯಿಲೆ ಇದೆಯಾ, ಇಲ್ಲಾ ಕಾಯಿಲೆಯೇ ಅವರ ಕೆಲಸಾನಾ?"

ಐದು ವರ್ಷದ ಮಗಳು ಮೊನ್ನೆ ಹೀಗೆ ಕೇಳಿದಾಗ ನಾನು ಅವಳ ಜಡೆ ಹೆಣೆಯುತ್ತಿದ್ದೆ. ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೇಲಿನ ಮನೆಯ ತಾತ ಗರಿಗರಿಯಾದ ಬಿಳಿ ಅಂಗಿ ತೊಟ್ಟು ಮೆಟ್ಟಿಲಿಳಿದು ಹೋಗುವಾಗ ಇವಳು "ಎಲ್ಲಿಗೆ ತಾತಾ?" ಎಂದು ಕೂಗಿದ್ದಳು. ಅವರು "ಪರೀಕ್ಷೆಗೆ ಕಣೇ ಪುಟ್ಟಿ, ಇವತ್ತು ನನ್ನ ಕಾಯಿಲೆಗೆ ಕೈತುಂಬಾ ಕೆಲಸ" ಎಂದಿದ್ದರು.

ಅವರು ನಮಗೆ ನೆಂಟರಲ್ಲ. ಆದರೂ ಈ ಮನೆಗೆ ಬಂದ ಮೊದಲ ವಾರವೇ ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡು, ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಹೊರಗೆ ನಿಂತಿದ್ದ ನನಗೆ ಎರಡು ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟವರು. ಅಂದಿನಿಂದ ಅವರು ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ಬಸ್ಸು ತಿರುಗುವ ಮೂಲೆಯಲ್ಲಿ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಒಂದು ಬೀಗ ರಿಪೇರಿ ಅಂಗಡಿ ಅವರದು. ಒಳಗೆ ಒಂದು ಸ್ಟೂಲು, ಅರಗಳು, ಗೋಡೆ ತುಂಬಾ ಹಲ್ಲು ಕೊರೆಯದ ಕೀಲಿಗಳು. ಸವೆದ ಕೀಲಿಯನ್ನು ಬೆಳಕಿಗೆ ಹಿಡಿದು, "ನಿಮ್ಮನೇಲಿ ಯಾರೋ ಸಿಟ್ಟಿನಿಂದ ಬಾಗಿಲು ತೆಗೀತಾರೆ" ಎನ್ನುವುದು ಅವರ ವಾಡಿಕೆ. ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಅಲ್ಲೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.

ಅವರಿಗೆ ಹೃದಯದ ಕಾಯಿಲೆ ಇದೆ. ಅದನ್ನು ಮುಚ್ಚಿಡುವುದಿರಲಿ, ಅದರ ಕಥೆಯನ್ನು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಒಂಬತ್ತನೆಯ ವಯಸ್ಸಿನಲ್ಲಿ ಗಂಟಲು ನೋವು, ಜ್ವರ. ಅದು ವಾಸಿಯಾದ ಮೂರು ವಾರಕ್ಕೆ ಮಂಡಿ ಊದಿಕೊಂಡಿತು. ಮಂಡಿಯ ಊತ ಇಳಿಯುವಷ್ಟರಲ್ಲಿ ಮೊಣಕೈ ಊದಿತ್ತು. ಒಂದು ತಿಂಗಳು ಹಾಸಿಗೆ ಹಿಡಿದು, ಎದ್ದು, ಮತ್ತೆ ಶಾಲೆಗೆ ಓಡಿದರು. ಮನೆಯವರೆಲ್ಲ ಅದನ್ನು ಮರೆತೇಬಿಟ್ಟರು. ಇಪ್ಪತ್ತೆರಡರಲ್ಲಿ ಬಸ್ಸಿನ ಡ್ರೈವರ್ ಕೆಲಸಕ್ಕೆಂದು ದೇಹದ ತಪಾಸಣೆಗೆ ಹೋದಾಗ ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ತೆಗೆಯಲೇ ಇಲ್ಲ. ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದರು.

"ನನ್ನ ಎದೆ ಮೇಲೆ ಜನ ಸೇರಿದ್ದು ಅವತ್ತೇ ಮೊದಲು" ಎಂದು ದೊಡ್ಡಪ್ಪ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಡ್ರೈವರ್ ಕೆಲಸ ತಪ್ಪಿತು. ಕೂತು ಮಾಡುವ ಕೆಲಸವೆಂದು ಬೀಗದ ಕೆಲಸ ಕಲಿತರು.

ಒಮ್ಮೆ ನಮ್ಮ ಬೀಗವನ್ನು ಬಿಚ್ಚಿಟ್ಟುಕೊಂಡು ನನಗೂ ಪಾಠ ಮಾಡಿದ್ದರು. "ಎದೆಯೊಳಗೆ ಬಾಗಿಲುಗಳಿವೆ ಕಣಮ್ಮ. ಒಂದೇ ಕಡೆ ತೆರೀಬೇಕು, ಮುಚ್ಚಿದ್ರೆ ಪೂರ್ತಿ ಮುಚ್ಚಬೇಕು. ಅವತ್ತು ಗಂಟಲಿಗೆ ಬಂದ ಕ್ರಿಮಿ ಜೊತೆ ಹೋರಾಡೋಕೆ ಹೊರಟ ನಮ್ಮದೇ ಸೈನ್ಯ ದಾರೀಲಿ ಈ ಬಾಗಿಲನ್ನೇ ಶತ್ರು ಅಂದ್ಕೊಂಡು ಬಡಿದು ಹಾಕ್ತು. ಗಾಯ ಮಾಯ್ತು, ಆದರೆ ಬಾಗಿಲು ಸುಕ್ಕುಗಟ್ಟಿ ಗಟ್ಟಿಯಾಯ್ತು. ಈಗ ಸರಿಯಾಗಿ ಕೂರಲ್ಲ. ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ವಾಪಸ್ ಸೋರುತ್ತೆ."

"ಅಷ್ಟು ಸೋರಿದರೂ ನಿಮಗೆ ಗೊತ್ತಾಗಲಿಲ್ವಾ?"

"ಹೃದಯ ಗೊತ್ತಾಗೋಕೆ ಬಿಡಲ್ಲ. ಸೋರಿದ್ದನ್ನೂ ಸೇರಿಸಿ ತಳ್ಳುತ್ತೆ. ಅದಕ್ಕೋಸ್ಕರ ತಾನೇ ದೊಡ್ಡದಾಗುತ್ತೆ. ಡಾಕ್ಟರು ಇದಕ್ಕೆ ಸರಿದೂಗಿಕೆ ಅಂತಾರೆ. ಮನೇಲಿ ಒಬ್ಬರ ಕೆಲಸ ಕೆಟ್ಟರೆ ಇನ್ನೊಬ್ಬರು ಎರಡು ಆಳಿನಷ್ಟು ದುಡಿಯೋ ಹಾಗೆ."

"ಎಷ್ಟು ವರ್ಷ ಹಾಗೆ ದುಡಿಯುತ್ತೆ?"

"ಅದು ಪರೀಕ್ಷಕರ ಕೊನೇ ಪ್ರಶ್ನೆ. ಅದಕ್ಕೆ ನಾನು ಉತ್ತರ ಹೇಳೋ ಹಾಗಿಲ್ಲ" ಎಂದು ನಕ್ಕಿದ್ದರು.

ಪರೀಕ್ಷೆ ಎಂದರೆ ವೈದ್ಯಕೀಯ ಕಾಲೇಜಿನ ಪರೀಕ್ಷೆ. ವರ್ಷಕ್ಕೆರಡು ಸಲ, ಇಪ್ಪತ್ತಾರು ವರ್ಷಗಳಿಂದ, ದೊಡ್ಡಪ್ಪ ಅಲ್ಲಿ ನಂಬರು ಹಾಕಿದ ಮಂಚದ ಮೇಲೆ ಮಲಗುತ್ತಾರೆ. ಪ್ರತಿ ವಿದ್ಯಾರ್ಥಿಗೂ ಅರ್ಧ ಗಂಟೆ. ಅವರನ್ನು ಪ್ರಶ್ನೆ ಕೇಳಿ, ನಾಡಿ ಹಿಡಿದು, ಎದೆಯ ಸದ್ದು ಕೇಳಿ, ರೋಗ ಯಾವುದು, ಕಾರಣ ಏನು, ಎಲ್ಲಿಗೆ ಮುಟ್ಟಿದೆ ಎಂದು ಹೇಳಬೇಕು. ರೋಗದ ಹೆಸರನ್ನು ದೊಡ್ಡಪ್ಪ ಉಸುರುವಂತಿಲ್ಲ. ಉಸುರಿಯೂ ಇಲ್ಲ. ಸರಿಯಾಗಿ ಕೇಳದವರಿಗೆ ಸರಿಯಾದ ಉತ್ತರವನ್ನೂ ಕೊಡುವುದಿಲ್ಲ.

"ಉಸಿರಿನ ತೊಂದರೆ ಇದೆಯಾ ಅಂದ್ರೆ, ‘ಇದೆ’ ಅಂತೀನಿ, ಅಷ್ಟೇ. ಎಷ್ಟು ಹತ್ತಿದರೆ, ಯಾವಾಗಿಂದ, ಉಸಿರು ಕಟ್ಟದೆ ಮಲಗೋಕೆ ಎಷ್ಟು ದಿಂಬು ಬೇಕು ಅಂತ ಕೇಳಿದವನಿಗೆ ಮಾತ್ರ ಪೂರ್ತಿ ಬಾಯಿ ಬಿಡ್ತೀನಿ. ಎದೆ ಸದ್ದು, ಕಾಲಿನ ಊತ ಇವೆಲ್ಲ ಚಿಹ್ನೆ, ಅವರೇ ಕಂಡು ಹಿಡೀಬಹುದು. ಲಕ್ಷಣ ಹಾಗಲ್ಲ. ಅದು ನನ್ನೊಳಗಿರೋದು. ನಾನು ಹೇಳದೆ ಇದ್ರೆ ದೇವರಿಗೂ ಗೊತ್ತಾಗಲ್ಲ."

ದೊಡ್ಡಮ್ಮ ಮನೆಯಲ್ಲೇ ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಾರೆ. ಇಂಥ ಮಾತಿಗೆ ಅವರ ಕಡೆಯಿಂದ ಸಿದ್ಧ ಉತ್ತರವಿರುತ್ತದೆ. "ನನ್ನ ಸೊಂಟ ನೋವನ್ನ ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ. ಒಬ್ಬ ವಿದ್ಯಾರ್ಥಿಯಾದ್ರೂ ಬರಬಾರದಾ?"

ಈಚೆಗೆ ನನ್ನ ಕಣ್ಣಿಗೆ ಕೆಲವು ಸಂಗತಿ ಬೀಳತೊಡಗಿದ್ದವು. ದೊಡ್ಡಪ್ಪ ಮೆಟ್ಟಿಲು ಹತ್ತಿ ಬರುವಾಗ ನಮ್ಮ ಬಾಗಿಲ ಮುಂದೆ ನಿಲ್ಲುತ್ತಿದ್ದರು. "ನಿಮ್ಮ ಬೀಗ ಯಾಕೋ ಸಡಿಲ ಆಗಿದೆಯಮ್ಮ" ಎಂದು ಅದನ್ನು ಅಲುಗಿಸುತ್ತಿದ್ದರು, ಎಣ್ಣೆ ಬಿಡುತ್ತಿದ್ದರು. ಮೂರು ತಿಂಗಳಲ್ಲಿ ನಮ್ಮ ಬೀಗ ಕುಡಿದಷ್ಟು ಎಣ್ಣೆಯನ್ನು ನನ್ನ ಹೊಲಿಗೆ ಯಂತ್ರ ಹುಟ್ಟಿದಾಗಿನಿಂದ ಕುಡಿದಿಲ್ಲ. ಬೀಗಕ್ಕೇನೂ ಆಗಿಲ್ಲ, ಅವರು ಉಸಿರು ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಯಲು ನನಗೆ ತಡವಾಯಿತು. ಇನ್ನೊಂದು, ತಾರಸಿಯ ಹಗ್ಗದ ಮೇಲೆ ದೊಡ್ಡಮ್ಮ ಒಣಹಾಕುವ ದಿಂಬಿನ ಚೀಲಗಳು. ಮೊದಲು ಎರಡಿರುತ್ತಿದ್ದವು. ಆಮೇಲೆ ಮೂರು, ಈಗ ನಾಲ್ಕು.

"ಯಾರಾದ್ರೂ ಬಂದಿದ್ದಾರಾ ದೊಡ್ಡಮ್ಮ?"

"ಯಾರು ಬರ್ತಾರೆ? ನಿಮ್ಮ ದೊಡ್ಡಪ್ಪ ಮಹಾರಾಜರ ಹಾಗೆ ನಾಲ್ಕು ದಿಂಬು ಪೇರಿಸ್ಕೊಂಡು ಒರಗಿ ಮಲಗ್ತಾರೆ. ನನ್ನದನ್ನೂ ಕಿತ್ಕೊಂಡ್ರು. ನಾನು ಹೊದಿಕೆ ಮಡಚಿ ತಲೆಗೆ ಇಟ್ಕೋತೀನಿ. ಕೇಳಿದ್ರೆ, ವಯಸ್ಸಾಯ್ತು ಅಂತಾರೆ."

ಇವತ್ತು ಮಗಳಿಗೆ ಲಸಿಕೆ ಹಾಕಿಸಬೇಕಿತ್ತು. ದೊಡ್ಡಪ್ಪನಿಗೂ ಅದೇ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಆಗುವ ತಪಾಸಣೆ. "ಹೇಗೂ ಹೋಗ್ತಿದ್ದೀಯಲ್ಲ, ಇವರನ್ನೂ ಒಂದು ಕಣ್ಣಿಟ್ಟು ನೋಡ್ಕೋ" ಎಂದು ದೊಡ್ಡಮ್ಮ ಅವರನ್ನು ನನಗೆ ಒಪ್ಪಿಸಿದರು. ಸೂಜಿ ಚುಚ್ಚಿಸಿಕೊಂಡು ಅತ್ತು ಕೆಂಪಾಗಿದ್ದ ಮಗಳು ತಾತನ ಕೈಯನ್ನು ಬಿಡಲೇ ಇಲ್ಲ. ಅವರ ಸರದಿ ಬಂದಾಗ ಅವರೊಂದಿಗೆ ಒಳಗೂ ನುಗ್ಗಿದಳು. ಅವಳ ಹಿಂದೆ ನಾನೂ ಹೋಗಬೇಕಾಯಿತು.

ಹೃದಯ ವಿಭಾಗದ ಡಾಕ್ಟರಮ್ಮನಿಗೆ ನನಗಿಂತ ಸ್ವಲ್ಪ ಹೆಚ್ಚು ವಯಸ್ಸಿರಬಹುದು. ಒಂದು ಕಾಲದಲ್ಲಿ ದೊಡ್ಡಪ್ಪನ ಮಂಚದ ಮುಂದೆ ಗಡಗಡ ನಡುಗುತ್ತ ನಿಂತು ಪರೀಕ್ಷೆ ಪಾಸಾದವರು. ದೊಡ್ಡಪ್ಪನನ್ನು ಕಂಡ ಕೂಡಲೇ ಮುಖ ಅರಳಿಸಿದರು.

"ಬನ್ನಿ ಗುರುಗಳೇ. ಹೇಗಿದ್ದೀರಿ? ಉಸಿರು ಹೇಗಿದೆ?"

ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿದರು. ಎರಡೂ ಕೈ ಮಂಡಿಯ ಮೇಲೆ ಬಂದವು. "ಎರಡು ಮಹಡಿ ಹತ್ತಿದರೆ ಉಸಿರು ಸಾಲದು. ಸಮತಟ್ಟಾದ ದಾರಿಯಲ್ಲಿ ಏನೂ ತೊಂದರೆ ಇಲ್ಲ. ಮಲಗೋಕೆ..."

"ಒಂದೇ ದಿಂಬು ಸಾಕು" ಎಂದು ಡಾಕ್ಟರಮ್ಮ ನಗುತ್ತಾ ಮುಗಿಸಿದರು. "ಕಾಲು ಊತ ಇಲ್ಲ, ಎದೆ ನೋವು ಇಲ್ಲ. ನನಗೆ ಈಗಲೂ ಬಾಯಿಪಾಠ ನೋಡಿ!" ಎದೆಯ ಸದ್ದು ಕೇಳಿ, ಅದೇ ಹಳೆಯ ಸದ್ದೆಂದು ತಲೆಯಾಡಿಸಿ, ಅದೇ ಮಾತ್ರೆ ಬರೆದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರು ಬಾಗಿಲಲ್ಲಿ ನಿಂತಿದ್ದರು.

ಔಷಧಿ ಕೊಡುವ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತೆವು. ನನಗೆ ತಡೆಯಲಾಗಲಿಲ್ಲ.

"ಒಂದೇ ದಿಂಬು ಅಂತ ಯಾಕೆ ಸುಳ್ಳು ಹೇಳಿದ್ರಿ ದೊಡ್ಡಪ್ಪ?"

"ಸುಳ್ಳಾ? ನಾನೆಲ್ಲಿ ಹೇಳಿದೆ?" ಅವರು ನಿಜಕ್ಕೂ ಬೆಚ್ಚಿದರು. "ಅವಳೇ ಅಂದಳು... ಇಲ್ಲ, ಶುರು ಮಾಡಿದ್ದು ನಾನೇ, ಅಲ್ವಾ?" ಸ್ವಲ್ಪ ಹೊತ್ತು ತುಟಿ ಅಲುಗಿಸುತ್ತ, ಒಳಗೆ ನಡೆದದ್ದನ್ನು ಮತ್ತೆ ಹೇಳಿ ನೋಡಿಕೊಂಡರು. "ಆಶ್ಚರ್ಯ ಕಣಮ್ಮ. ‘ಉಸಿರು ಹೇಗಿದೆ’ ಅಂದ ಕೂಡಲೇ ಪರೀಕ್ಷೇಲಿ ಹೇಳೋ ಪಾಠ ತಾನಾಗೇ ಬಂದುಬಿಡ್ತು. ನಾನು ಯೋಚನೇನೇ ಮಾಡಲಿಲ್ಲ."

"ನಮ್ಮ ಬಾಗಿಲ ಹತ್ತಿರ ನಿಲ್ಲೋದನ್ನೂ ಯೋಚನೆ ಮಾಡದೇ ಮಾಡ್ತೀರಾ?"

ಮಗಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾಗದಂತೆ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಅದು ಗೊತ್ತು. ಹೇಳಿದ್ರೆ ಆಪರೇಷನ್ ಅಂತಾರೆ. ಬಾಗಿಲು ಹೊಲೀತಾರೆ, ಇಲ್ಲಾ ಹೊಸದು ಹಾಕ್ತಾರೆ. ಆಮೇಲೆ ಈ ಸದ್ದು ಹೋಗುತ್ತೆ. ಸದ್ದೇ ಇಲ್ಲದ ಮೇಲೆ ನನ್ನನ್ನ ಪರೀಕ್ಷೆಗೆ ಯಾರು ಕರೀತಾರೆ? ಇಷ್ಟು ಜನ ಡಾಕ್ಟರಾದ್ರು ನನ್ನ ಮುಂದೆ."

ಅವರ ಮೇಲೆ ಮರುಗುತ್ತ ಕೂತರೆ ನಲವತ್ತು ಜನರ ಸರದಿ ಮುಗಿದು ಡಾಕ್ಟರಮ್ಮ ಊಟಕ್ಕೆ ಎದ್ದುಹೋಗುತ್ತಿದ್ದರು. "ನಾನು ಹೇಳದೆ ಇದ್ರೆ ದೇವರಿಗೂ ಗೊತ್ತಾಗಲ್ಲ ಅಂದವರು ನೀವೇ. ಹಾಗಿದ್ದ ಮೇಲೆ ಆ ಪಾಪದ ಡಾಕ್ಟರಮ್ಮನಿಗೆ ಹೇಗೆ ಗೊತ್ತಾಗಬೇಕು?"

ದೊಡ್ಡಪ್ಪ ಬಗ್ಗಿ ಕಾಲುಚೀಲವನ್ನು ಕೆಳಗೆ ಸರಿಸಿದರು. ಅದರ ಅಂಚು ಕೂತ ಜಾಗದಲ್ಲಿ ಆಳವಾದ ಗೆರೆ. ವಿದ್ಯಾರ್ಥಿಗಳು ಮಾಡುವಂತೆಯೇ ಹೆಬ್ಬೆರಳನ್ನು ಕಣಕಾಲಿನ ಮೂಳೆಯ ಮೇಲೆ ಒತ್ತಿ, ಐದರವರೆಗೆ ಎಣಿಸಿ, ತೆಗೆದರು. ಗುಳಿ ಹಾಗೇ ಉಳಿಯಿತು. ಇನ್ನೂ ಸ್ವಲ್ಪ ಮೇಲೆ ಒತ್ತಿದರು. ಅಲ್ಲೂ ಉಳಿಯಿತು.

"ಊತ ಇಲ್ಲಿವರೆಗೂ ಬಂದಿದೆ" ಎಂದರು, ಬೇರೆ ಯಾರದೋ ಕಾಲನ್ನು ನೋಡುತ್ತಿರುವವರ ಹಾಗೆ. "ಹೃದಯ ಸರಿದೂಗಿಸೋದು ಮುಗೀತು ಅಂತ ಇದರರ್ಥ. ಈ ಪ್ರಶ್ನೆಗೆ ಎಷ್ಟೋ ಮಕ್ಕಳು ತಪ್ಪು ಉತ್ತರ ಕೊಟ್ಟು ಫೇಲ್ ಆಗಿದ್ದಾರೆ."

"ಡಾಕ್ಟರಮ್ಮ ಇನ್ನೂ ಒಳಗೇ ಇದ್ದಾರೆ, ದೊಡ್ಡಪ್ಪ."

ಅವರು ಕಾಲುಚೀಲವನ್ನು ಮೇಲಕ್ಕೆಳೆಯಲಿಲ್ಲ, ಹಾಗೇ ಬಿಟ್ಟು ಎದ್ದರು. ಎರಡು ಹೆಜ್ಜೆ ಇಟ್ಟು, ಬೆಂಚಿನ ಬೆನ್ನು ಹಿಡಿದು ನಿಂತು ತಿರುಗಿದರು.

"ಒಂದು ಉಪಕಾರ ಮಾಡ್ತೀಯಾ ಮಗಳೇ? ನೀನೂ ಒಳಗೆ ಬಾ, ನನ್ನ ಪಕ್ಕದಲ್ಲೇ ನಿಂತ್ಕೋ. ನಾನು ‘ಎರಡು ಮಹಡಿ’ ಅಂತ ಬಾಯಿ ತೆಗೆದ ಕೂಡಲೇ ಪಕ್ಕೆಗೆ ಜೋರಾಗಿ ತಿವಿದುಬಿಡು. ದೊಡ್ಡವರು ಅಂತ ನೋಡಬೇಡ. ಆಗಲೂ ನಾನು ನಿಲ್ಲಿಸದೇ ಇದ್ರೆ, ಮಿಕ್ಕಿದ್ದೆಲ್ಲ ನೀನೇ ಹೇಳಿಬಿಡು."