ಹರಾಜಿನ ದಿನ ನಾನು ಓದದ ಚೀಟಿ

ಅದು 2008ನೆಯ ಇಸವಿ. ಮೊಬೈಲ್ ಕಂಪನಿಗಳಿಗೆ ತರಂಗಾಂತರದ ಲೈಸೆನ್ಸುಗಳನ್ನು ಹರಾಜು ಹಾಕದೆ, ಮೊದಲು ಬಂದವರಿಗೆ ಹಳೆಯ ದರದಲ್ಲೇ ಕೊಟ್ಟದ್ದೇಕೆ ಎಂಬ ಚರ್ಚೆ ಎದ್ದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನ್ನ ತಲೆಯಲ್ಲಿ ಆ ವಿಷಯ ಹೊಕ್ಕು ಕುಳಿತಿತ್ತು. ಕಣ್ಣಿಗೆ ಕಾಣದ ತರಂಗವೂ ಜನರ ಆಸ್ತಿ, ಅದರ ಬೆಲೆಯನ್ನು ಬಹಿರಂಗ ಪೈಪೋಟಿಯೇ ನಿರ್ಧರಿಸಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ.

ಅದೇ ಹೊತ್ತಿಗೆ ಜೆ.ಪಿ. ನಗರದ ನಮ್ಮ ನಿವಾಸಿಗಳ ಸಂಘದ ಕಟ್ಟಡದಲ್ಲಿ, ರಸ್ತೆಗೆ ಮುಖಮಾಡಿದ್ದ ಒಂದೇ ಒಂದು ಮಳಿಗೆ ಖಾಲಿಯಾಯಿತು. ಎಂದಿನಂತೆ ಅದನ್ನು ಪರಿಚಯದವರಿಗೇ ಬಾಡಿಗೆಗೆ ಕೊಡುವ ಮಾತು ಬಂದಾಗ ನಾನು ಸಭೆಯಲ್ಲಿ ಎದ್ದು ನಿಂತೆ. ತರಂಗಾಂತರಕ್ಕೊಂದು ನ್ಯಾಯ, ನಮ್ಮ ಮಳಿಗೆಗೊಂದು ನ್ಯಾಯವೇ ಎಂದು ಕೇಳಿದೆ. ಅಧ್ಯಕ್ಷರಾದ ರಾಜಶೇಖರಯ್ಯನವರು ನಕ್ಕು, "ಆಯ್ತು ಡಿಬೇಟ್ ಸಾಹೇಬ್ರೆ, ಹರಾಜೇ ಹಾಕೋಣ. ನಿಯಮ ಬರೆಯೋರೂ ನೀವೇ, ನಡೆಸೋರೂ ನೀವೇ" ಎಂದರು.

ಆ ಮಳಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ನೀಲಮ್ಮನವರಿಗೆ. ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿ ಮಾಡಿ, ಶೇಂಗಾ ಚಟ್ನಿಯೊಡನೆ ನಮ್ಮ ಮನೆಗಳಿಗೆ ತಂದು ಕೊಡುತ್ತಿದ್ದರು. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಮನೆ ಮಾಲೀಕರು ತಕರಾರು ತೆಗೆದಿದ್ದರು. ಮಳಿಗೆ ಸಿಗದಿದ್ದರೆ ಕಸುಬು ನಿಲ್ಲಿಸಬೇಕಿತ್ತು.

ಹರಾಜಿನ ಬೆಳಗ್ಗೆ ಅವರು ಬಾಗಿಲಲ್ಲೇ ನನ್ನನ್ನು ತಡೆದರು. "ಸರ, ನೀವು ಓದಿದವ್ರು. ಎಷ್ಟರ ಮಟಾ ಕೂಗ್ಲಿ, ನೀವ ಹೇಳ್ರಿ."

"ನಾನು ಹೇಳೋ ಹಾಗಿಲ್ಲಮ್ಮ. ನಡೆಸೋನು ನಾನೇ ಅಲ್ವಾ?" ಎಂದೆ. ನನ್ನ ನಿಷ್ಪಕ್ಷಪಾತದ ಬಗ್ಗೆ ಹೆಮ್ಮೆಯೂ ಆಯಿತು.

ಆಗ ನನ್ನ ಅಂಗಿಯ ಜೇಬಿನಲ್ಲಿ ಒಂದು ಚೀಟಿಯಿತ್ತು. ಎದುರಾಳಿ ಎತ್ತಬಹುದಾದ ಆಕ್ಷೇಪಗಳನ್ನು ಬರೆದಿಟ್ಟುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ತೊಂಬತ್ತರ ದಶಕದಲ್ಲಿ ಟೆಲಿಫೋನ್ ಲೈಸೆನ್ಸಿಗಾಗಿ ಕಂಪನಿಗಳು ಕೈಮೀರಿ ಬೆಲೆ ಹೇಳಿ, ಆಮೇಲೆ ಕಟ್ಟಲಾಗದೆ ಒದ್ದಾಡಿದ್ದವು. "ಹರಾಜಿನಲ್ಲಿ ಗೆಲ್ಲುವವರು ಅನೇಕ ವೇಳೆ ಅಂದಾಜು ತಪ್ಪಿದವರೇ" ಎಂದು ಆ ಚೀಟಿಯಲ್ಲಿ ಬರೆದುಕೊಂಡಿದ್ದೆ. ಸಭೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಎದುರಾಳಿ ಎತ್ತದ ಆಕ್ಷೇಪವನ್ನು ನಾವಾಗಿ ಎತ್ತಬಾರದೆಂಬುದು ಚರ್ಚಾಪಟುವಿನ ಮೊದಲ ಪಾಠ. ನಾನೂ ಎತ್ತಲಿಲ್ಲ.

ಮೇಜಿನ ಮೇಲೆ ಸುತ್ತಿಗೆಯ ಬದಲು ಚರ್ಚಾಸ್ಪರ್ಧೆಯ ಗಂಟೆಯನ್ನು ಇಟ್ಟುಕೊಂಡಿದ್ದೆ. ಕೂಗಲು ಬಂದಿದ್ದ ನಾಲ್ವರಲ್ಲಿ ಇಬ್ಬರು ಬೇಗನೆ ಹಿಂದೆ ಸರಿದರು. ಉಳಿದವರು ನೀಲಮ್ಮ ಮತ್ತು ರಸ್ತೆಯ ಆಚೆ ಬದಿಯಲ್ಲಿ ಕುರುಕಲು ತಿಂಡಿ, ರೊಟ್ಟಿ, ಚಟ್ನಿಪುಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿದ್ದ ಮಂಜಣ್ಣ. ಅವರು ಕಾಲ ಮೇಲೆ ಕಾಲು ಹಾಕಿಕೊಂಡೇ ಏರಿಸುತ್ತಿದ್ದರು. ನೀಲಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಏರಿಸುತ್ತಿದ್ದರು. ಬಾಡಿಗೆ ಹಿಂದಿನದರ ಎರಡರಷ್ಟಾದಾಗ ಯಾರೋ "ಬಿಡ್ಬೇಡಿ ಅಕ್ಕ, ಸಖತ್!" ಎಂದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನನ್ನ ವಾದ ಕಣ್ಣೆದುರೇ ಗೆಲ್ಲುತ್ತಿತ್ತು. ಪ್ರತಿ ಕೂಗಿಗೂ ಮೊದಲು ನೀಲಮ್ಮ ನನ್ನ ಮುಖ ನೋಡುತ್ತಿದ್ದರು. ನಾನು ಗಂಟೆಯನ್ನು ನೋಡುತ್ತಿದ್ದೆ. ಮೂರರಷ್ಟಾದ ಮೇಲೆ ಮಂಜಣ್ಣ "ಸಾಕು" ಎಂದು ಕೈಕೊಡವಿದರು. ಮೂರು ಸಲ ಕೂಗಿ ಗಂಟೆ ಬಾರಿಸಿದೆ. ಚಪ್ಪಾಳೆಯೋ ಚಪ್ಪಾಳೆ.

ಹೊರಗೆ ಮಂಜಣ್ಣನನ್ನು ಕೇಳಿದೆ: "ಅಷ್ಟೊಂದು ಕೂಗಿದ್ರಲ್ಲ, ನಿಜವಾಗ್ಲೂ ತಗೊಳ್ತಿದ್ರಾ?"

"ಅಯ್ಯೋ ಸಾರ್, ನನಗ್ಯಾಕೆ ಇನ್ನೊಂದು ಅಂಗಡಿ? ಎದುರುಗಡೆ ಇನ್ನೊಬ್ರು ಬರ್ಬಾರ್ದು, ಅಷ್ಟೆ. ಬಂದ್ರೂ ಸುಸ್ತಾಗಿ ಬರ್ಲಿ ಅಂತ" ಎಂದು ನಗುತ್ತ ಸ್ಕೂಟರ್ ಹತ್ತಿದರು.

ಮನೆಗೆ ಹೋಗಲು ಮನಸ್ಸಾಗದೆ ಯಡಿಯೂರು ಕೆರೆಯವರೆಗೂ ನಡೆದೆ. ಬೆಲೆಯನ್ನು ಏರಿಸಿದ್ದು ಮಳಿಗೆಯ ಯೋಗ್ಯತೆಯಲ್ಲ. ಇದ್ದದ್ದು ಒಂದೇ ಮಳಿಗೆ. ಒಬ್ಬರಿಗೆ ಹೊರಗುಳಿಯುವ ಭಯ, ಇನ್ನೊಬ್ಬರಿಗೆ ಹೊಸಬರು ಒಳಬರುವ ಭಯ. ಕೆರೆಯ ಏರಿಯ ಮೇಲೆ ಹತ್ತು ನಿಮಿಷವೂ ನಿಲ್ಲಲಾಗದೆ, ಸೀದಾ ಅಧ್ಯಕ್ಷರ ಮನೆಗೆ ಹೋಗಿ ಬಾಡಿಗೆ ಇಳಿಸಲು ಕೇಳಿಕೊಂಡೆ.

"ನಿಯಮ ನೀವೇ ಬರೆದಿದ್ದು ಸಾರ್. ಈಗ ತಿದ್ದಿದ್ರೆ ಮತ್ತೆ ಬೇಕಾದೋರಿಗೆ ಕೊಟ್ಟಂಗಾಗಲ್ವಾ?" ಎಂದರು ರಾಜಶೇಖರಯ್ಯ. ನನ್ನ ವಾದವೇ.

ನಾಲ್ಕು ತಿಂಗಳ ನಂತರ ನೀಲಮ್ಮ ಮಳಿಗೆಯ ಬೀಗದ ಕೈಯನ್ನು ನನ್ನ ಕೈಗೇ ತಂದುಕೊಟ್ಟರು. "ನಿಮ್ದೇನೂ ತಪ್ಪಿಲ್ರಿ ಸರ. ರೊಟ್ಟಿ ಛಲೋ ಹೋದ್ವು. ಬಾಡಿಗಿ ಮುಂದ ಸೋತ್ವು, ಅಷ್ಟ" ಎಂದರು. ಮರುವಾರ ಊರಿಗೆ ಹೊರಟುಹೋದರು. ಎರಡನೆಯ ಹರಾಜಿಗೆ ಬಂದವರು ಮಂಜಣ್ಣ ಒಬ್ಬರೇ. ಕನಿಷ್ಠ ದರಕ್ಕೇ ಮಳಿಗೆ ಅವರದಾಯಿತು. ಅದರಲ್ಲಿ ಖಾಲಿ ರಟ್ಟಿನ ಡಬ್ಬಗಳನ್ನು ತುಂಬಿ ಷಟರ್ ಎಳೆದರು.

ಎರಡು ವರ್ಷಗಳ ಮೇಲೆ 3ಜಿ ತರಂಗಾಂತರ ನಿಜಕ್ಕೂ ಹರಾಜಾಗಿ, ಬೆಲೆ ಊಹೆ ಮೀರಿ ಏರಿದಾಗ, ಗೆಳೆಯನೊಬ್ಬ ಫೋನ್ ಮಾಡಿ "ನೀನೇ ಗೆದ್ದೆ ಗುರು!" ಎಂದ. ಹರಾಜೇ ಸರಿಯಾದ ದಾರಿ ಎಂದು ನಾನು ಇಂದಿಗೂ ನಂಬುತ್ತೇನೆ. ಆದರೂ ಅಂದು ನಗಲಾಗಲಿಲ್ಲ. ಈಗ ಎಲ್ಲಿ ಈ ವಿಷಯ ಮಾತಾಡಿದರೂ, ಯಾರೂ ಕೇಳದಿದ್ದರೂ, ಆ ಚೀಟಿಯನ್ನೇ ಮೊದಲು ಓದುತ್ತೇನೆ. ಓದಿದ ಮೇಲೂ ಮನಸ್ಸು ನಿಲ್ಲುವುದಿಲ್ಲ. ಎದುರಾಳಿಯಲ್ಲದ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, ಎಷ್ಟರವರೆಗೆ ಕೂಗಲಿ ಎಂದು ನೇರವಾಗಿ ಕೇಳಿದ್ದರು. ಉತ್ತರ ನನ್ನ ಜೇಬಿನಲ್ಲೇ ಇತ್ತು.