ಗುಂಡು ಹಾರಿಸಲು ಒಂದು ಬೆರಳು, ಉಳಿದದ್ದಕ್ಕೆ ಹತ್ತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೀಡರ್ ಮರಗಳ ನಡುವಿನ ತೆರವಿನಲ್ಲಿ, ನಿನ್ನೆ ಬಿದ್ದ ತೆಳು ಹಿಮದ ಮೇಲೆ, ಎಳೆಯ ಗಂಡು ಜಿಂಕೆಯೊಂದು ಗುಂಡು ತಿಂದು ಒರಗಿದೆ. ಅದರ ಒಂದು ಬದಿಗೆ, ಅದನ್ನು ಹೊಡೆದ ಲೈಲ್ ಗೋಕಿ ಮಂಡಿಯೂರಿ ಕೂತಿದ್ದಾನೆ, ಕೈಯಲ್ಲಿ ಚಾಕು. ಇನ್ನೊಂದು ಬದಿಗೆ ವರ್ನಾ ಡೆಫೋ ನಿಂತಿದ್ದಾರೆ, ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿ. ಇಂದು ಏನೇ ಆಗಲಿ, ಈ ಜಿಂಕೆಯನ್ನು ತಾವು ಮುಟ್ಟುವುದಿಲ್ಲ ಎಂದು ಅವರು ಮನೆ ಬಿಡುವಾಗಲೇ ಹಟ ತೊಟ್ಟಿದ್ದಾರೆ.

"ಹೊಗೆಸೊಪ್ಪು ಇಟ್ಯಾ?" ಎಂದು ಕೇಳುತ್ತಾರೆ.

ಲೈಲ್ ಜೇಬು ತಡಕುತ್ತಾನೆ. ಮೇಲಿನ ಜೇಬು, ಕೆಳಗಿನ ಜೇಬು, ಒಳಜೇಬು. ಪ್ರಾಣ ಕೊಟ್ಟ ಪ್ರಾಣಿಯ ಬಳಿ ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟು, "ಮೀಗ್ವೆಚ್" ಎಂದು ಕೃತಜ್ಞತೆ ಹೇಳದೆ ನಮ್ಮ ಒಜಿಬ್ವೆ ಬುಡಕಟ್ಟಿನ ಜನ ಚಾಕು ತೆಗೆಯುವುದಿಲ್ಲ. ಆದರೆ ಲೈಲ್ ಈ ವಸಂತದಲ್ಲಿ ಸಿಗರೇಟು ಬಿಟ್ಟಿದ್ದಾನೆ. ಜೇಬಿನಲ್ಲಿ ಸಿಕ್ಕಿದ್ದು ಅದರ ಚಟ ಬಿಡಿಸುವ ನಿಕೋಟಿನ್ ಗಮ್ಮು.

"ಇದ್ರಲ್ಲೂ ಇರೋದು ಅದೇ ತಾನೆ, ಚಿಕ್ಕಮ್ಮ?"

ವರ್ನಾ ನಕ್ಕ ನಗುವಿಗೆ ಮರದ ಮೇಲಿನ ಕಾಗೆಗಳು ಎದ್ದು ಹಾರುತ್ತವೆ. "ಇಡು, ಇಡು. ಪಾಪ, ಜಿಂಕೇನೂ ಸಿಗರೇಟು ಬಿಡೋ ಯೋಚ್ನೇಲಿತ್ತೋ ಏನೋ. ಆಯ್ಯ್ಯ್!" ಎಂದು ಕೊನೆಯನ್ನು ಎಳೆಯುತ್ತಾರೆ. ತಮಾಷೆ ಮಾಡಿದ ಮೇಲೆ ಹಾಗೆ ಎಳೆಯದಿದ್ದರೆ ನಮ್ಮೂರಲ್ಲಿ ಅದು ತಮಾಷೆಯೇ ಅಲ್ಲ. ಆಮೇಲೆ ತಮ್ಮ ಹೊಗೆಸೊಪ್ಪಿನ ಚೀಲವನ್ನು ಅವನತ್ತ ಚಾಚುತ್ತಾರೆ. "ಇದನ್ನೂ ಇಡು. ಅದಕ್ಕೆ ಬೇಜಾರಾಗ್ಬಾರ್ದು." ಚೀಲ ಕೊಟ್ಟ ಕೈ ಮತ್ತೆ ಜೇಬು ಸೇರುತ್ತದೆ.

ಅಮೆರಿಕದ ಸುಪೀರಿಯರ್ ಸರೋವರದ ತೆಂಕಣ ದಂಡೆಯಲ್ಲಿರುವ ಹೆರನ್ ಬೇ ದೊಡ್ಡ ಊರೇನಲ್ಲ. ಇಲ್ಲಿ ವರ್ನಾ ಊರಿಗೆಲ್ಲ ಚಿಕ್ಕಮ್ಮ. ವಯಸ್ಸು ಅರವತ್ತೆಂಟು. ವಾರದ ದಿನಗಳಲ್ಲಿ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪು, ರೊಟ್ಟಿ ಮಾಡುತ್ತಾರೆ. ಬೇಟೆಯ ಕಾಲ ಬಂತೆಂದರೆ ಅವರಿಗೆ ಇನ್ನೊಂದು ಕೆಲಸ. ಯಾರ ಜಿಂಕೆ ಎಲ್ಲಿ ಬಿದ್ದರೂ ಹೋಗಿ, ಬಿದ್ದ ಜಾಗದಲ್ಲೇ ಅದರ ಹೊಟ್ಟೆ ಬಿಡಿಸಿ, ಕರುಳು ತೆಗೆದು, ಮಾಂಸ ಕೆಡದಂತೆ ಹಸನು ಮಾಡಿಕೊಡುವುದು. ಇದಕ್ಕೆ ಅವರಿಗೆ ಸಂಬಳವಿಲ್ಲ. ಕೊಟ್ಟವರು ಒಂದು ತುಂಡು ಕೊಟ್ಟಾರು, ಮರೆತವರು ಮರೆತಾರು. ಬೇಟೆಯ ಫೋಟೊಗಳಲ್ಲಿ ಕೋವಿ ಹಿಡಿದವನು ಇರುತ್ತಾನೆ, ಜಿಂಕೆಯ ಕೊಂಬು ಇರುತ್ತದೆ. ವರ್ನಾ ಇರುವುದಿಲ್ಲ. ಆ ಹೊತ್ತಿಗೆ ಅವರು ಮೊಣಕೈವರೆಗಿನ ರಕ್ತವನ್ನು ಹಿಮದಲ್ಲಿ ಉಜ್ಜಿಕೊಳ್ಳುತ್ತಿರುತ್ತಾರೆ.

"ಗುಂಡು ಹಾರ್ಸೋದು ಒಂದು ಬೆರಳಿನ ಕೆಲ್ಸ. ಮಿಕ್ಕಿದ್ದಕ್ಕೆ ಹತ್ತೂ ಬೇಕು" ಎನ್ನುತ್ತಾರೆ ಅವರು. ಈ ಮಾತು ಹುಟ್ಟಿದ್ದು ಗಂಡ ರೇ ಬದುಕಿದ್ದಾಗ. ರೇ ಗುರಿ ತಪ್ಪಿದವನೇ ಅಲ್ಲ. ಆದರೆ ಜಿಂಕೆ ಬಿದ್ದ ಕ್ಷಣವೇ ಅವನಿಗೆ ಸುಸ್ತಾಗಿಬಿಡುತ್ತಿತ್ತು. "ಮರದ ದಿಮ್ಮಿ ಮೇಲೆ ಕೂತು ಕಾಫಿ ಕುಡಿಯೋನು. 'ವರ್ನಾ, ನಿನ್ನ ಕೈ ಚಿಕ್ಕದು, ಒಳಗೆ ಚೆನ್ನಾಗಿ ಹೋಗುತ್ತೆ' ಅನ್ನೋನು. ಮದ್ವೆಗೆ ಮುಂಚೆ ಅದೇ ಕೈನ ಬೇರೆ ಥರ ಹೊಗಳ್ತಿದ್ದ ಮಾರಾಯ!" ರೇ ತೀರಿಕೊಂಡ ವರ್ಷ ಅವರು ಕಾಡಿಗೆ ಹೋಗಲಿಲ್ಲ. ಮರುವರ್ಷ ಕಾಲು ತಾನಾಗಿ ಹೊರಟಿತು. ಕೋವಿ ಹಿಡಿಯಲಾರದ ಮುದುಕರ ಮನೆಗಳ ಫ್ರೀಜರು ಖಾಲಿ ಇದ್ದುದನ್ನು ನೋಡಿ ಸುಮ್ಮನಿರಲು ಅವರಿಂದ ಆಗಲಿಲ್ಲ.

ಈಗ ಆ ಚಿಕ್ಕ ಕೈಗಳೇ ಸೋತಿವೆ. ಬೆರಳ ಗೆಣ್ಣುಗಳು ಊದಿವೆ, ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಹೋದ ವರ್ಷ ಚಾಕು ಜಾರಿ, ತಮ್ಮ ಆಯುಷ್ಯದಲ್ಲಿ ಮೊದಲ ಸಲ, ಜಿಂಕೆಯ ಹೊಟ್ಟೆಚೀಲ ಒಡೆದರು. ಹುಳಿನಾತ ಒಳಗೆಲ್ಲ ಹರಡಿ ಅರ್ಧ ಮಾಂಸ ಕಾಗೆಗಳ ಪಾಲಾಯಿತು. ಅದನ್ನು ಮುಚ್ಚಿಡುವ ಜಾಯಮಾನ ಅವರದಲ್ಲ. ಅಂಚೆ ಕಚೇರಿಯಲ್ಲಿ, ಶಾಲೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ನಗುನಗುತ್ತಲೇ ಹೇಳಿಕೊಂಡು ಬಂದರು. ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ಇನ್ನು ಯಾರಾದ್ರೂ ಕಲೀರಪ್ಪಾ." ಎಲ್ಲರೂ ತಲೆ ಆಡಿಸಿದರು. ಯಾರೂ ಬರಲಿಲ್ಲ. ತಮ್ಮ ಬಳಿಕ ಈ ಕೆಲಸ ಊರಿನಿಂದಲೇ ಹೋಗಿಬಿಡುತ್ತದೆ ಎಂಬ ಚಿಂತೆ ಬೇಸಗೆಯುದ್ದಕ್ಕೂ ಅವರನ್ನು ಕಾಡಿತು.

ಬಂದವನು ಲೈಲ್. ಊರೇ ನಕ್ಕಿತು, ನಗದೆ ಏನು ಮಾಡೀತು? ಲೈಲ್ ಶಾಲಾ ಬಸ್ಸಿನ ಚಾಲಕ. ವಯಸ್ಸು ಐವತ್ತರ ಅಂಚು. ಬಾಗಿಲಿನಷ್ಟು ಅಗಲದ ಆಳು. ಬೆಳೆದಿದ್ದೆಲ್ಲ ಮಿನಿಯಾಪೊಲಿಸ್ ಪಟ್ಟಣದಲ್ಲಿ. ಈ ಜಿಂಕೆಗೆ ಮುಂಚೆ ಒಂದು ಮೊಲವನ್ನೂ ಹೊಡೆದವನಲ್ಲ. ಅದೂ ಹೋಗಲಿ, ರಕ್ತ ಕಂಡರೆ ಅವನಿಗೆ ಆಗದು. ಒಮ್ಮೆ ಬಸ್ಸಿನಲ್ಲಿ ಹುಡುಗಿಯೊಬ್ಬಳ ಮೂಗಿನಿಂದ ರಕ್ತ ಬಂದಾಗ ಬಸ್ಸು ನಿಲ್ಲಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಆ ಹುಡುಗಿಯೇ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅವನ ಬೆನ್ನು ಸವರಿದಳಂತೆ.

ಅವನನ್ನು ಕಾಡಿಗೆ ಅಟ್ಟಿದ್ದು ತೊಂಬತ್ತು ದಾಟಿದ ಜೋಸೆಟ್ ಅಜ್ಜಿ. ಬಸ್ಸಿನ ಹಾದಿಯಲ್ಲೇ ಅವಳ ಮನೆ. ಬಾಗಿಲಲ್ಲಿ ನಿಂತು ದಿನವೂ ಒಂದೇ ಪ್ರಶ್ನೆ: "ನಿನ್ನ ಜಿಂಕೆ ನಾನು ತಿನ್ನೋದು ಯಾವಾಗೋ? ನಾನೇನು ಇಲ್ಲೇ ಗೂಟ ಹೊಡ್ಕೊಂಡು ಕೂತಿರ್ತೀನಾ?" ಅವನು ಎಷ್ಟು ದಿನ ಅಂತ ನಕ್ಕು ತಪ್ಪಿಸಿಕೊಂಡಾನು? ನಮ್ಮಲ್ಲಿ ಮೊದಲ ಬೇಟೆಯ ಒಂದು ತುಂಡನ್ನೂ ಬೇಟೆಗಾರ ಇಟ್ಟುಕೊಳ್ಳುವಂತಿಲ್ಲ. ಎಲ್ಲವೂ ಹಿರಿಯರಿಗೆ ಹೋಗಬೇಕು, ಊರು ಕೂತು ಉಣ್ಣಬೇಕು. ಶನಿವಾರ ಮಧ್ಯಾಹ್ನಕ್ಕೆ ಊಟ ನಿಗದಿಯಾಗಿಬಿಟ್ಟಿದೆ. ಲೈಲ್ ಈಗ ಹೊಟ್ಟೆಚೀಲ ಒಡೆದರೆ ಜೋಸೆಟ್ ಅಜ್ಜಿಯ ತಟ್ಟೆಗೆ ಜಿಂಕೆ ಬರುವುದಿಲ್ಲ. ಅವಮಾನವಾದ ಲೈಲ್ ಮತ್ತೆ ಕಾಡಿನತ್ತ ತಲೆ ಹಾಕುವುದಿಲ್ಲ. ವರ್ನಾರಿಗೆ ಕಲಿಸಲು ಸಿಕ್ಕ ಒಬ್ಬನೇ ಒಬ್ಬನೂ ಕೈತಪ್ಪುತ್ತಾನೆ. ಜೇಬಿನೊಳಗೆ ಅವರ ಬೆರಳುಗಳು ಚಡಪಡಿಸುತ್ತಿರುವುದು ಸುಮ್ಮನೆ ಅಲ್ಲ.

"ತಲೆ ದಿಬ್ಬದ ಕಡೆ ಬರೋ ಹಾಗೆ ಅಂಗಾತ ಮಲಗ್ಸು. ಮೊದ್ಲು ಬಾಲದ ಕೆಳಗೆ ಸುತ್ತ ಕುಯ್ದು ಬಿಡ್ಸು, ದಾರ ಕಟ್ಟು. ಹಾಂ, ಬಿಗಿಯಾಗಿ. ಅಲ್ಲಿಂದ ಒಂದು ಹಿಕ್ಕೇನೂ ಮಾಂಸದ ಮೇಲೆ ಬೀಳ್ಬಾರ್ದು."

ಲೈಲ್ ಕಟ್ಟುತ್ತಾನೆ. ಹಿಮದಲ್ಲಿ ಜಾರದಂತೆ ಬಸ್ಸಿನ ಟೈರಿಗೆ ಸರಪಳಿ ಕಟ್ಟುವ ಶ್ರದ್ಧೆಯಿಂದಲೇ ಕಟ್ಟುತ್ತಾನೆ.

"ಈಗ ಹೊಟ್ಟೆ. ಚರ್ಮ ಚಿವುಟಿ ಮೇಲಕ್ಕೆ ಎತ್ತು. ಚಿಕ್ಕ ತೂತು. ಅಷ್ಟೇ, ಸಾಕು! ಈಗ ಎರಡು ಬೆರಳು ಒಳಗೆ ಹಾಕಿ ಅಗಲ ಮಾಡು, ಅವೆರಡ್ರ ಮಧ್ಯೆ ಚಾಕು, ಅಲಗು ಆಕಾಶ ನೋಡ್ಬೇಕು. ಬೆರಳು ಕರುಳನ್ನ ಕೆಳಗೆ ಅದುಮ್ಕೊಂಡು ಮುಂದೆ ಹೋಗುತ್ತೆ, ಚಾಕು ಅದ್ರ ಹಿಂದೆ ಹೋಗುತ್ತೆ. ಚಾಕು ಮುಂದೆ ಓಡಿದ್ರೆ ಕೆಟ್ವಿ."

ಒಂದು ಗೇಣು ಬಿಚ್ಚಿಕೊಂಡಿತು. ಒಳಗಿನಿಂದ ಬಿಸಿ ಹಬೆ ಭುಗ್ಗನೆ ಎದ್ದು ಲೈಲ್‌ನ ಮುಖಕ್ಕೆ ಬಡಿಯಿತು. ಅವನು ಚಾಕುವನ್ನು ಹಿಮದಲ್ಲಿ ಚುಚ್ಚಿ, ಹಿಂದಕ್ಕೆ ಸರಿದು, ದೊಪ್ಪನೆ ಕೂತ. ಮುಖ ಸುಣ್ಣದಂತಾಗಿದೆ.

"ಚಿಕ್ಕಮ್ಮ, ನನ್ನಿಂದ ಆಗಲ್ಲ. ನೀವೇ ಮಾಡ್ಬಿಡಿ."

ವರ್ನಾರ ಬಲಗೈ ಜೇಬಿನಿಂದ ಅರ್ಧ ಹೊರಗೆ ಬರುತ್ತದೆ. ಕರುಳು ಬೇಗ ಹೊರಬಂದು ಜಿಂಕೆಯ ಬಿಸಿ ಇಳಿಯದಿದ್ದರೆ ಮಾಂಸ ಹುಳಿಯುತ್ತದೆ. ಇದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಅಲ್ಲೇ ನಿಲ್ಲುತ್ತದೆ. ನೋವು ತಿನ್ನುವ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಮತ್ತೆ ಒಳಗೆ ತುರುಕಿಕೊಳ್ಳುತ್ತಾರೆ. ಅದೊಂದು ಸಣ್ಣ ಕೆಲಸ, ಆದರೆ ಆ ಬೆಳಗ್ಗೆ ಆ ಕಾಡಿನಲ್ಲಿ ನಡೆದ ಅತಿ ಕಷ್ಟದ ಕೆಲಸ ಅದೇ.

"ಲೈಲ್, ಬಸ್ಸಲ್ಲಿ ಮಕ್ಕಳು ಹಿಂದೆ ಕಿತ್ತಾಡ್ತಿದ್ರೆ ನೀನು ಎಲ್ಲಿ ನೋಡ್ತೀಯ?"

"ರಸ್ತೆ."

"ಇಲ್ಲೂ ಅಷ್ಟೇ. ಅಲಗಿನ ತುದಿ ನೋಡು. ಬೇರೆದು ಕಿರುಚ್ಕೊಂಡಿರ್ಲಿ."

ಅವನು ಮುಖಕ್ಕೆ ಹಿಮ ಉಜ್ಜಿಕೊಂಡು ಎದ್ದು ಬರುತ್ತಾನೆ. ಬೆರಳು ಮುಂದೆ, ಚಾಕು ಹಿಂದೆ. ಗೇಣು, ಇನ್ನೊಂದು ಗೇಣು, ಎದೆಮೂಳೆ. ನೀಲಿಬೂದು ಹೊಟ್ಟೆಚೀಲ ಬಲೂನಿನಂತೆ ಉಬ್ಬಿ ಹೊರಗೆ ಇಣುಕುತ್ತದೆ. ಒಂದು ಗೀರೂ ಬಿದ್ದಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ತೆಳು ಪರದೆಯನ್ನು ಪಕ್ಕೆಲುಬಿನ ಉದ್ದಕ್ಕೆ ಎರಡೂ ಕಡೆ ಕುಯ್ಯುತ್ತಾನೆ. ಉಳಿದಿರುವುದು ಒಂದೇ. ಎದೆಗೂಡಿನೊಳಗೆ ತೋಳು ತೂರಿಸಿ, ಕತ್ತಿನ ಹತ್ತಿರ ಉಸಿರುನಾಳ ಹಿಡಿದು, ಕಾಣದಲ್ಲೇ ಕುಯ್ಯಬೇಕು. ಕೆಳಗೆ ಕುಯ್ದರೆ ಅರ್ಧ ಒಳಗೇ ಉಳಿಯುತ್ತದೆ. ಕೈ ತಪ್ಪಿದರೆ ತನ್ನದೇ ಹೆಬ್ಬೆರಳು ಹೋಗುತ್ತದೆ.

"ಇಲ್ಲಿ ಕಣ್ಣಿಗೆ ಕೆಲ್ಸವೇ ಇಲ್ಲ. ಬೇಕಾದ್ರೆ ಮುಚ್ಕೊ" ಎನ್ನುತ್ತಾರೆ ವರ್ನಾ.

ಲೈಲ್‌ಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ. ತೋಳು ಮೊಣಕೈ ದಾಟಿ ಒಳಗೆ ಹೋಯಿತು.

"ಏನು ಸಿಕ್ತು?"

"ಏನೋ ಗಟ್ಟಿ ಕೊಳವೆ. ಮಡಿಕೆ ಮಡಿಕೆ ಇದೆ. ವ್ಯಾಕ್ಯೂಮ್ ಕ್ಲೀನರ್‌ದು ಇರತ್ತಲ್ಲ, ಹಾಗೆ."

"ಅದೇ! ಇನ್ನೂ ಮೇಲೆ ಹಿಡಿ. ಇನ್ನೂ. ಈಗ ನಿನ್ನ ಮುಷ್ಟಿಯಿಂದ ಆಚೆಗೆ ಕುಯ್ಯಿ. ಎಳಿ, ಎಳಿಯೋ!"

ಅವನು ಎರಡೂ ಕೈಯಿಂದ ಎಳೆಯುತ್ತಾನೆ. ಶ್ವಾಸಕೋಶ, ಹೃದಯ, ಲಿವರ್, ಹೊಟ್ಟೆಚೀಲ, ಕರುಳು ಎಲ್ಲವೂ ಒಂದೇ ಗಂಟಾಗಿ ಜಾರಿ ಹಿಮದ ಮೇಲೆ ಬೀಳುತ್ತವೆ, ಉಚ್ಚೆಚೀಲವೂ ಸೇರಿ. ಒಳಗೆ ಎದೆಗೂಡು ಕೆಂಪಗೆ, ಚೊಕ್ಕವಾಗಿ ಹೊಳೆಯುತ್ತಿದೆ. ಲೈಲ್ ಒಂದು ಕಣ್ಣು ತೆರೆದು ನೋಡುತ್ತಾನೆ, ಆಮೇಲೆ ಇನ್ನೊಂದು.

"ಹೋವಾ!" ಎಂದು ಕೂಗಿ ವರ್ನಾ ಹಿಮದಲ್ಲೇ ಎರಡು ಹೆಜ್ಜೆ ಕುಣಿಯುತ್ತಾರೆ. ಕೈ ಮಾತ್ರ ಜೇಬಿನಲ್ಲೇ. ಅರವತ್ತೆಂಟರ ಹೆಂಗಸು, ಜೇಬಿನಲ್ಲಿ ಕೈ ಇಟ್ಟುಕೊಂಡು ಕುಣಿಯುವುದು ನೋಡಲು ಪುಣ್ಯ ಬೇಕು.

ಸಂಭ್ರಮದಲ್ಲಿ ಲೈಲ್ ನೀರಿನ ಬಾಟಲಿ ಎತ್ತಿ ಒಳಗೆ ಸುರಿಯಲು ಹೋಗಿ ಬೈಸಿಕೊಳ್ಳುತ್ತಾನೆ. "ನೀರು ಹಾಕ್ಬೇಡ, ಮಾಂಸ ಕೆಡುತ್ತೆ! ಮಗ್ಗುಲು ಹೊರಳ್ಸಿ ರಕ್ತ ಬಸಿ, ಒಣಬಟ್ಟೇಲಿ ಒರ್ಸು. ಎದೆ ಮುಚ್ಕೊಳ್ದೆ ಇರೋ ಹಾಗೆ ಒಂದು ಕಡ್ಡಿ ಅಡ್ಡ ಕೊಡು, ಗಾಳಿ ಆಡ್ಲಿ." ಹೃದಯವೂ ಲಿವರೂ ಬಟ್ಟೆಚೀಲ ಸೇರುತ್ತವೆ. ಉಳಿದ ಗಂಟು ಕಾಗೆಗೂ ಹದ್ದಿಗೂ. ಅವು ಆಗಲೇ ಮರದ ತುದಿಯಲ್ಲಿ ಸಾಲುಗಟ್ಟಿವೆ. ಟ್ರಕ್ಕಿಗೆ ಎಳೆದೊಯ್ಯುವ ದಾರಿಯುದ್ದಕ್ಕೂ ಲೈಲ್ ಒಂದೇ ಮಾತು ಹೇಳುತ್ತಾನೆ: "ಚಿಕ್ಕಮ್ಮ, ನಾನು ಬೀಳ್ಲಿಲ್ಲ." ವರ್ನಾ ಪ್ರತಿ ಸಲವೂ ತಿದ್ದುತ್ತಾರೆ: "ಕೂತೆ. ಬೀಳ್ಲಿಲ್ಲ, ನಿಜ. ಕೂತೆ."

ಶನಿವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿಲ್ಲ. ಕಾಡಕ್ಕಿ ಹಾಕಿದ ಜಿಂಕೆ ಸಾರು, ಕರಿದ ರೊಟ್ಟಿ, ಮೇಪಲ್ ಪಾಕದಲ್ಲಿ ಅದ್ದಿದ ಕುಂಬಳ. ಜೋಸೆಟ್ ಅಜ್ಜಿಗೆ ಈರುಳ್ಳಿ ಜೊತೆ ಹುರಿದ ಹೃದಯದ ತುಂಡುಗಳು ಪ್ರತ್ಯೇಕ. ಎಲ್ಲ ಹಿರಿಯರ ತಟ್ಟೆ ತುಂಬಿದ ಮೇಲೆ ಲೈಲ್‌ನನ್ನು ನಡುವೆ ಕೂರಿಸಿ, ವರ್ನಾ ಒಂದು ಚಮಚ ಮಾಂಸವನ್ನು ಅವನ ಬಾಯಿಯ ಹತ್ತಿರ ಹಿಡಿಯುತ್ತಾರೆ. ಮೂರು ಸಲ ಬೇಡವೆನ್ನಬೇಕು, ನಾಲ್ಕನೆಯ ಸಲ ತಿನ್ನಬೇಕು. ಅದು ನಮ್ಮ ಪದ್ಧತಿ.

ಬೆಳಗ್ಗಿನಿಂದ ಓಡಾಡಿ ಹಸಿದಿದ್ದ ಲೈಲ್ ಮೊದಲ ಸಲವೇ ಬಾಯಿ ತೆರೆದುಬಿಡುತ್ತಾನೆ. ಭವನವಿಡೀ "ಏಯ್!" ಎಂದು ಕೂಗುತ್ತದೆ. ಬಾಯಿ ಫಕ್ಕನೆ ಮುಚ್ಚುತ್ತದೆ.

"ಬೇಡ" ಎನ್ನುತ್ತಾನೆ ಕೆಂಪಾಗಿ. "ಕಾಡಿಗೆ ಹೋಗಕ್ಕಾಗದ ಹಿರಿಯರು ಇದ್ದಾರೆ. ಅವರಿಗೆ."

ಚಮಚ ಮತ್ತೆ ಬರುತ್ತದೆ. "ಬೇಡ. ಅಪ್ಪ ಅಮ್ಮ ಇಲ್ಲದ ಮಕ್ಕಳು ಇದ್ದಾರೆ. ಅವರಿಗೆ."

ಮೂರನೆಯ ಸಲ ಅವನು ಚಮಚ ಹಿಡಿದವರ ಮುಖ ನೋಡುತ್ತಾನೆ. "ಬೇಡ. ಇಷ್ಟು ವರ್ಷ ಎಲ್ಲರ ಜಿಂಕೆ ಬಿಡ್ಸಿ, ತಾವು ಮಾತ್ರ ಕೊನೇಲಿ ಊಟಕ್ಕೆ ಕೂತ ಚಿಕ್ಕಮ್ಮಂಗೆ."

ವರ್ನಾರ ಕಣ್ಣು ತುಂಬುತ್ತದೆ. ಅವರು ಅದನ್ನು ಒರೆಸಿಕೊಳ್ಳುವುದೂ ಇಲ್ಲ, ಮರೆಮಾಚುವುದೂ ಇಲ್ಲ. ಊದಿದ ಬೆರಳುಗಳಿಂದ ಚಮಚವನ್ನು ಮತ್ತೆ ಮುಂದೆ ಹಿಡಿಯುತ್ತಾರೆ. "ಬಾಯಿ ತೆಗಿ, ದಡ್ಡ" ಎನ್ನುತ್ತಾರೆ. ನಾಲ್ಕನೆಯ ಚಮಚ ಒಳಗೆ ಹೋಗುತ್ತದೆ. ಜೋಸೆಟ್ ಅಜ್ಜಿ ಮೇಜು ಕುಟ್ಟುತ್ತಾಳೆ.

ಆಗಲೇ ಬಾಗಿಲು ತೆರೆದು ಎಲ್ರಾಯ್ ಬರುತ್ತಾನೆ. ಹೊಳೆಯಾಚೆಯ ಮುದುಕ, ಕಿತ್ತಳೆ ಬಣ್ಣದ ಬೇಟೆ ಅಂಗಿ, ಮೀಸೆಯ ಮೇಲೆ ಹಿಮ. "ದೊಡ್ಡದೊಂದು ಬಿದ್ದಿದೆ, ಈಗ ತಾನೆ" ಎನ್ನುತ್ತಾನೆ ಏದುಸಿರಿನಲ್ಲಿ. ವರ್ನಾ ಅಭ್ಯಾಸಬಲದಿಂದ ಕುರ್ಚಿ ಹಿಂದಕ್ಕೆ ತಳ್ಳಿ, ಕೋಟಿನತ್ತ ಕೈ ಚಾಚುತ್ತಾರೆ.

"ನೀನು ಕೂತ್ಕೊ ವರ್ನಾ" ಎನ್ನುತ್ತಾನೆ ಎಲ್ರಾಯ್. "ನಾನು ಬಂದಿದ್ದು ಲೈಲ್‌ನ ಕರ್ಕೊಂಡು ಹೋಗೋಕೆ. ಇದ್ದಾನಾ?"

ಚಾಚಿದ ಕೈಯನ್ನು ವರ್ನಾ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮತ್ತೆ ಕೂರುತ್ತಾರೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಮುಖದ ತುಂಬ ನಗು ತುಂಬಿಕೊಂಡು.

"ಇದ್ದಾನೆ. ಬಾಯಿ ತುಂಬ ತುತ್ತಿದೆ. ನುಂಗ್ಲಿ, ಒಂದು ನಿಮಿಷ ತಾಳು."