ಒಪ್ಪು, ಕೊಡು

ಮೆಟ್ಟೂರು ಅಣೆಕಟ್ಟು ಮುಗಿದ ಮರುವರ್ಷದ ಮಾತು. ನನಗೆ ಆಗ ಇಪ್ಪತ್ತರ ಬಿಸಿರಕ್ತ. ನಂಗವಳ್ಳಿ ಕಡೆಯಿಂದ ಅಪ್ಪ, ನಾನು ಇಬ್ಬರೂ ಏರ್ಕಾಡ್ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದೆವು. ಅಲ್ಲಿಯೇ ನಾನು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದೆ. ಅಪ್ಪ ಬೇಡವೆನ್ನಲಿಲ್ಲ. "ಯಾವ ದ್ಯಾವ್ರಾದ್ರೂ ಆಗ್ಲಿ, ನಿನ್ನ ಮೂಗಿನ ತುದಿ ಸಿಟ್ಟು ಇಳಿಸಿದ್ರೆ ಸಾಕು" ಎಂದಿದ್ದರು.

ಇಳಿದಿರಲಿಲ್ಲ. ನಮ್ಮ ಮೇಸ್ತ್ರಿ ನಮ್ಮೂರವನೇ, ವರಸೆಯಲ್ಲಿ ಮಾವ. ಕೆಲಸ ನಿಧಾನವಾಯಿತೆಂದು ಒಂದು ದಿನ ಅವನು ಎಲ್ಲರ ಎದುರಿಗೆ ಅಪ್ಪನ ಕೆನ್ನೆಗೆ ಹೊಡೆದ. ಅಪ್ಪ ಕೆಳಗೆ ಬಿದ್ದ ತಲೆವಸ್ತ್ರ ಎತ್ತಿಕೊಂಡು ಮತ್ತೆ ಕೆಲಸಕ್ಕೆ ಬಾಗಿದರು. ನನ್ನ ಕೈಯಲ್ಲಿ ಪೊದೆ ಸವರುವ ಮಚ್ಚು. ಅಂದಿನಿಂದ ಮಾವ ನನಗೆ ಬೆನ್ನು ಹಾಕಿ ನಿಂತಾಗಲೆಲ್ಲ ಅವನ ಕತ್ತು ಮಾತ್ರ ಕಾಣುತ್ತಿತ್ತು. ಒಂದೇ ಏಟು ಸಾಕು ಅನ್ನಿಸುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅದೇ ಕತ್ತು.

ಹೆದರಿಕೊಂಡು ಉಪದೇಶಿಯ ಬಳಿ ಹೇಳಿದೆ. ನಮ್ಮ ಚಿಕ್ಕ ಚರ್ಚಿನಲ್ಲಿ ಆರಾಧನೆ ನಡೆಸುತ್ತಿದ್ದ ಅವರು ತಮಿಳರು. "ತಂಬೀ, ಅದೆ ಆಂಡವರ್‌ಕಿಟ್ಟ ಒಪ್ಪುಕ್ಕೊಡು" ಎಂದರು. ಅದನ್ನು ಕರ್ತನಿಗೆ ಒಪ್ಪಿಸಿಬಿಡು ಎಂದು ಅವರ ಅರ್ಥ. ನನ್ನದೋ ಸಂತೆಯ ತಮಿಳು. ಕನ್ನಡ ಮನೆಮಾತಿನ ನನ್ನ ಕಿವಿಗೆ ಅದು ಎರಡು ಮಾತಾಗಿ ಬಿತ್ತು: ಒಪ್ಪು, ಕೊಡು. ಸರಿ, ಮೊದಲು ಒಪ್ಪಬೇಕು, ಆಮೇಲೆ ಕೊಡಬೇಕು ಎಂದುಕೊಂಡೆ.

ಭಾನುವಾರ ಜನ ಕಾಣಿಕೆಗೆ ಬಾಳೆಗೊನೆ, ಕುಂಬಳಕಾಯಿ ತಂದರೆ ನಾನು ಮಚ್ಚು ಹಿಡಿದು ಹೋದೆ. ಹೆಂಗಸರು ಕಿರುಚಿ ಎದ್ದರು. ಮಚ್ಚನ್ನು ಕಾಣಿಕೆಯ ಮೇಜಿನ ಮೇಲಿಟ್ಟು, "ಒಬ್ಬನ್ನ ಕಡೀಬೇಕು ಅಂತ ಆಸೆ ಐತೆ. ಒಪ್ಕಂಡಿವ್ನಿ. ಕೊಟ್ಟಿವ್ನಿ" ಎಂದೆ. ಉಪದೇಶಿ ಬೆವರು ಒರೆಸಿಕೊಂಡು ಕುಳಿತರು. ನಗಲಿಲ್ಲ, ತಿದ್ದಲೂ ಇಲ್ಲ.

ಮರುದಿನ ಬರಿಗೈಯಲ್ಲಿ ತೋಟಕ್ಕೆ ಹೋದೆ.

"ಮಚ್ಚು ಎಲ್ಲಿ ಮಡಗಿದ್ದೀಯಲಾ?" ಎಂದ ಮಾವ.

"ದ್ಯಾವ್ರ ಮೇಜಿನ ಮ್ಯಾಲೆ ಐತೆ ಮಾವ. ನಂತಾವ ಇದ್ದಿದ್ರೆ ನಿನ್ನ ಕಡೀತಿದ್ದೆ."

ಕೂಲಿಯವರೆಲ್ಲ ಕೆಲಸ ನಿಲ್ಲಿಸಿದರು. ಮಾವನ ಮುಖ ಬಿಳುಚಿತು. ಆದರೆ ಅಷ್ಟು ಜನರ ಮುಂದೆ ಹೆದರಿದರೆ ಮೇಸ್ತ್ರಿಗಿರಿ ಉಳಿಯುತ್ತದೆಯೇ? ಪಕ್ಕದವನ ಮಚ್ಚು ಕಿತ್ತು ನನ್ನ ಕೈಗೆ ತುರುಕಿ, "ಕಡೀಲಾ ನೋಡಾನ" ಎಂದು ಬೆನ್ನು ತಿರುಗಿಸಿ ನಿಂತ.

ಕೈ ತಾನಾಗಿ ಮೇಲೆದ್ದಿತು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಕಲಿತ ತಮಿಳು ಪ್ರಾರ್ಥನೆ ಒಂದೂ ಬಾಯಿಗೆ ಬರಲಿಲ್ಲ. "ಯೇಸಪ್ಪಾ, ಈ ಕೈ ನನ್ನ ಮಾತು ಕೇಳಾಕಿಲ್ಲ, ನೀನೇ ಇಡ್ಕೋ" ಎಂದು ಗಟ್ಟಿಯಾಗಿ ಕೂಗಿದೆ. ಕೈ ಇಳಿಯಿತು. ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ. ಮಚ್ಚು ಎಸೆದು ಓಡಲಿಲ್ಲ. ಅದೇ ಮಚ್ಚಿನಿಂದ ಮಾವನ ಕಾಲ ಬಳಿಯ ಪೊದೆ ಸವರತೊಡಗಿದೆ. ಸಂಜೆಯವರೆಗೂ ಅವನ ಪಕ್ಕದಲ್ಲೇ ದುಡಿದೆ. ಅವನು ತಪ್ಪಾಯಿತು ಎನ್ನಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ.

ಒಪ್ಪುಕ್ಕೊಡು ಎಂಬುದು ಒಂದೇ ಮಾತೆಂದು ವರ್ಷಗಳ ಮೇಲೆ ತಿಳಿಯಿತು. ನನ್ನ ಪಾಲಿಗೆ ಅದು ಎರಡೇ. ಸಿಟ್ಟೇ ಇಲ್ಲವೆಂದು ಸೋಗು ಹಾಕುವವನಿಂದ ದೇವರಾದರೂ ಏನು ತೆಗೆದುಕೊಂಡಾನು? ಎಪ್ಪತ್ತು ದಾಟಿದರೂ ನನಗೆ ಸಿಟ್ಟು ಬರುತ್ತದೆ. ಬರಲಿ. ಕೈ ಮಾತ್ರ ಅದಕ್ಕೆ ಕೊಡುವುದಿಲ್ಲ.